ಇಬ್ಬನಿಗಿಡದ ‘ಹೈಬ್ರಿಡ್’: ಕಸಿಯೋ, ಮಿಶ್ರತಳಿಯೋ, ಸಂಕರವೋ?

ಪ್ರಶ್ನೆ:

ಡ್ರಾಸೆರಾ, ಅಂದರೆ ಎಲೆಯ ಅಂಟಿನಲ್ಲಿ ಹುಳ ಹಿಡಿಯುವ ಇಬ್ಬನಿಗಿಡ, ಬೆಳೆಸುವ ಬಗ್ಗೆ ಒಂದು ಕೈಪಿಡಿಯ ಕರಡು ತಿದ್ದುತ್ತಿದ್ದೇನೆ. ಎರಡು ಪ್ರಭೇದ ಕೂಡಿಸಿ ಪಡೆದ ಗಿಡಕ್ಕೆ ಒಂದು ಪುಟದಲ್ಲಿ ‘ಕಸಿ ಗಿಡ’, ಇನ್ನೊಂದರಲ್ಲಿ ‘ಮಿಶ್ರತಳಿ’, ಮತ್ತೊಂದರಲ್ಲಿ ‘ಸಂಕರ ತಳಿ’ ಎಂದಿದೆ. ಯಾವುದನ್ನು ಉಳಿಸಲಿ? ಬೀಜ ಕಟ್ಟದ ಗಿಡಕ್ಕೆ ‘ಬಂಜೆ’ ಎನ್ನಬಹುದೇ? ‘ನಿರ್ವೀರ್ಯೀಕರಣ’ ಎಂಬ ಪದವೂ ಇದೆ. ಅದನ್ನು ಓದಿ ಕುಂಡದ ಮುಂದೆ ಕೂತವರಿಗೆ ಏನು ಮಾಡಬೇಕೆಂದು ತಿಳಿಯುವ ಹಾಗಿಲ್ಲ.

ಉತ್ತರ 1:

‘ಕಸಿ’ಯನ್ನು ಮೊದಲು ಹೊಡೆದುಹಾಕಿ. ಕಸಿ ಎಂದರೆ ಒಂದು ಗಿಡದ ಕಡ್ಡಿಯನ್ನು ಇನ್ನೊಂದರ ಬುಡಕ್ಕೆ ಕೂಡಿಸುವುದು. ಮಾವಿನ ಕಸಿಯಲ್ಲಿ ಮೇಲಿನದು ಮೇಲಿನದೇ, ಬುಡದ್ದು ಬುಡದ್ದೇ. ಇಲ್ಲಿ ನಡೆಯುವುದು ಹೂವಿನಲ್ಲಿ, ಬೆರೆಯುವುದು ಬೀಜದಲ್ಲಿ. ‘ಮಿಶ್ರತಳಿ’ ತಪ್ಪಲ್ಲ, ಆದರೆ ಆ ಮಾತು ಕೇಳಿದರೆ ಕಣ್ಣಮುಂದೆ ಬರುವುದು ಡೈರಿಯ ಹಸು. ‘ಸಂಕರ’ ಕೃಷಿ ಪುಸ್ತಕಗಳಲ್ಲಿ ಸಲ್ಲುತ್ತದೆ. ‘ವರ್ಣಸಂಕರ’ದ ಹಳೆಯ ವಾಸನೆ ಅದಕ್ಕೆ ಅಂಟಿಕೊಂಡಿರುವುದೂ ನಿಜ. ಹೊಲದಲ್ಲಿ ಈ ಜಗಳ ಎಂದೋ ಮುಗಿದಿದೆ. ಹತ್ತಿಯ ಎರಡು ಪ್ರಭೇದ ಕೂಡಿಸಿ ಧಾರವಾಡದಲ್ಲಿ ಮಾಡಿದ ವರಲಕ್ಷ್ಮಿ 1972ರಲ್ಲಿ ಬಂತು. ರೈತರ ಬಾಯಲ್ಲಿ ಅಂಥದ್ದೆಲ್ಲ ‘ಹೈಬ್ರಿಡ್’, ಅದರ ಎದುರಿಗಿರುವುದು ಜವಾರಿ ಅಥವಾ ನಾಟಿ. ಕೈಪಿಡಿಗೆ ‘ಹೈಬ್ರಿಡ್’ ಸಾಕು.

‘ನಿರ್ವೀರ್ಯೀಕರಣ’ದ ಜಾಗದಲ್ಲಿ ‘ಕೇಸರ (ಹೂವಿನ ಪರಾಗ ಹೊತ್ತ ಎಳೆ) ಕೀಳುವುದು’ ಎಂದು ಬರೆಯಿರಿ, ಯಾವ ಹೊತ್ತಿನಲ್ಲಿ ಎಂಬುದನ್ನೂ ಸೇರಿಸಿ. ಡ್ರಾಸೆರಾ ಹೂಕಡ್ಡಿಯಲ್ಲಿ ಮೊಗ್ಗುಗಳು ಸಾಲಾಗಿದ್ದು, ಸಾಮಾನ್ಯವಾಗಿ ದಿನಕ್ಕೊಂದರಂತೆ ಅರಳುತ್ತವೆ. ಬಿಸಿಲಿದ್ದರೆ ಕೆಲವು ಗಂಟೆ ತೆರೆದಿದ್ದು ಮುಚ್ಚಿಕೊಳ್ಳುತ್ತವೆ. ಮುಚ್ಚುವಾಗ ಕೇಸರಗಳು ಒಳಗೆ ಬಾಗಿ ಶಲಾಕೆಗೆ (ಪರಾಗ ಪಡೆಯುವ ಹೆಣ್ಣುಭಾಗದ ಎಳೆಗೆ) ತಾಗುವುದರಿಂದ ಕೇಪೆನ್ಸಿಸ್, ಸ್ಪಾಟುಲಾಟಾಗಳಂಥ ಡ್ರಾಸೆರಾ ಪ್ರಭೇದಗಳು ಯಾರ ಹಂಗಿಲ್ಲದೆ ತಮ್ಮ ಬೀಜ ತಾವೇ ಕಟ್ಟಿಕೊಳ್ಳುತ್ತವೆ. ಹಾಗಾಗಿ ಹೂವು ಬಿರಿಯುತ್ತಿರುವಾಗಲೇ, ಪರಾಗಕೋಶ ಒಡೆಯುವ ಮೊದಲೇ, ಸಣ್ಣ ಚಿಮಟದಿಂದ ಐದೂ ಕೇಸರ ಕೀಳಬೇಕು. ಆಮೇಲೆ ತಂದೆಗಿಡದ ಒಡೆದ ಪರಾಗಕೋಶವನ್ನೇ ಚಿಮಟದಲ್ಲಿ ಹಿಡಿದು ತಾಯಿಹೂವಿನ ಶಲಾಕೆಯ ತುದಿಗಳಿಗೆಲ್ಲ ಸವರಬೇಕು. ಶಲಾಕೆ ಮೂರೇ ಇದ್ದರೂ ಬುಡದಲ್ಲೇ ಸೀಳಿರುವುದರಿಂದ ಆರು ಎಳೆಯಂತೆ ಕಾಣುತ್ತವೆ. ಆ ಹೂವಿಗೆ ಬಣ್ಣದ ದಾರ ಕಟ್ಟಿ. ಅಕ್ಕಪಕ್ಕದ ಮೊಗ್ಗು ಚಿವುಟದಿದ್ದರೆ ಒಂದು ವಾರದೊಳಗೆ ಯಾವುದಕ್ಕೆ ಪರಾಗ ಹಾಕಿದ್ದೆಂದು ಮರೆತುಹೋಗುತ್ತದೆ. ಕಾಯಿ ಕಂದಾಗಿ ಒಣಗಲು ನಾಲ್ಕರಿಂದ ಆರು ವಾರ ಬೇಕು. ಬೀಜ ಧೂಳಿನಷ್ಟು ಸಣ್ಣದು; ಮೇಲೆ ಉದುರಿಸುವುದೇ ಹೊರತು ಮುಚ್ಚುವಂತಿಲ್ಲ.

‘ಹೈಬ್ರಿಡ್ ಬಂತು’ ಎಂದು ಬರೆದವರಲ್ಲಿ ಎಷ್ಟೋ ಮಂದಿಗೆ ಬಂದಿರುವುದು ತಾಯಿಯದೇ ಮರಿ. ಕೇಪೆನ್ಸಿಸ್‌ನ ಎಲೆ ಪಟ್ಟಿಯಂತೆ ಉದ್ದ, ಸ್ಪಾಟುಲಾಟಾದ್ದು ಚಮಚದಂತೆ. ಸಸಿ ಬಲಿತಾಗ ಎಲೆ ಈ ಎರಡರ ನಡುವೆ ಇಲ್ಲದಿದ್ದರೆ ಕೇಸರ ಕೀಳಲು ತಡವಾಯಿತೆಂದೇ ಅರ್ಥ.

ಇನ್ನು ‘ಬಂಜೆ’. ಬೇಡ. ನಮ್ಮಲ್ಲಿ ಇದಕ್ಕೆ ಇನ್ನೂ ಖಚಿತವಾದ ‘ಜೊಳ್ಳು’ ಇದೆ. ಬೀಜ ಕಟ್ಟದ ಹೈಬ್ರಿಡ್ ಹೂ ಬಿಡುತ್ತದೆ, ಕಾಯಿಯೂ ಬರುತ್ತದೆ, ಒಡೆದರೆ ಒಳಗೆ ಜೊಳ್ಳು. ಡ್ರಾಸೆರಾ ಆಂಗ್ಲಿಕಾದ ವರ್ಣತಂತುಗಳು (ಜೀವಕೋಶದೊಳಗಿನ ಕ್ರೋಮೋಸೋಮ್) 40, ರೊಟುಂಡಿಫೋಲಿಯಾದವು 20. ಎರಡರಿಂದಲೂ ಅರ್ಧರ್ಧ ಬರುವುದರಿಂದ ಇವು ಕೂಡಿದ ಹೈಬ್ರಿಡ್ ಒಬೊವಾಟಾದಲ್ಲಿ 30. ಪರಾಗ ತಯಾರಾಗುವಾಗ ಹತ್ತು ಜೋಡಿ ಕೂಡುತ್ತವೆ, ಉಳಿದ ಹತ್ತು ಒಂಟಿಯಾಗಿ ಅಡ್ಡಾದಿಡ್ಡಿ ಹಂಚಿಹೋಗುತ್ತವೆ. ಸ್ವೀಡನ್ನಿನ ಒಟ್ಟೊ ರೋಸೆನ್‌ಬರ್ಗ್ 1909ರಲ್ಲಿ ಇದನ್ನು ವಿವರವಾಗಿ ಬರೆದಿದ್ದರು. ಗಿಡವನ್ನೇ ಕರೆಯಬೇಕಾದರೆ ‘ಹೇಸರಗತ್ತೆಯಂಥದ್ದು’ ಎನ್ನಿ, ವಿವರಣೆ ಬೇಕಿಲ್ಲ. ಇಂಥದ್ದರಲ್ಲಿ ವರ್ಣತಂತುಗಳು ಇಮ್ಮಡಿಯಾದರೆ ಬೀಜ ಗಟ್ಟಿಯಾಗಬಹುದು. ಜಪಾನಿನ ಟೊಕೈಯೆನ್ಸಿಸ್ ಆದದ್ದು ಹಾಗೆ: ರೊಟುಂಡಿಫೋಲಿಯಾ 20, ಸ್ಪಾಟುಲಾಟಾ 40, ಅರ್ಧರ್ಧ ಕೂಡಿ 30, ಇಮ್ಮಡಿಸಿ ನಿಂತದ್ದು 60.

‘ತಳಿ’ಯನ್ನು ಹೆಸರಿಟ್ಟು ಕಾಪಾಡಿದ ಗಿಡಕ್ಕೆ ಮಾತ್ರ ಮೀಸಲಿಡಿ. ಒಂದೇ ಕಾಯಿಯ ಹತ್ತು ಸಸಿ ಹತ್ತು ಥರ ಇರಬಹುದು. ಅದರಲ್ಲಿ ಆರಿಸಿದ ಒಂದು ತಳಿ, ಉಳಿದ ಒಂಬತ್ತಕ್ಕೆ ಆ ಹೆಸರಿಲ್ಲ. ಜೊಳ್ಳು ಗಿಡವನ್ನು ಎಲೆಯಿಂದಲೇ ಹೆಚ್ಚಿಸಬೇಕು. ತೊಟ್ಟು ಬುಡದವರೆಗೂ ಬರುವ ಹಾಗೆ ಎಲೆ ಎಳೆದು ತೆಗೆದು, ಡಿಸ್ಟಿಲ್ಡ್ ನೀರಿನ ಮೇಲೆ ತೇಲಿಬಿಟ್ಟು ಬೆಳಕಿನಲ್ಲಿಡಿ. ಮೂರರಿಂದ ಆರು ವಾರದಲ್ಲಿ ಎಲೆಯ ಮೇಲೆಯೇ ಮರಿ ಏಳುತ್ತವೆ. ಇದಕ್ಕೂ ‘ಕಸಿ’ ಎನ್ನಬೇಡಿ.

ಉತ್ತರ 2:

ಮೇಲಿನದಕ್ಕೆ ಒಂದು ಸೇರ್ಪಡೆ. ‘ಇಬ್ಬನಿಗಿಡ’ ಒಳ್ಳೆಯ ಹೆಸರು. ಡ್ರಾಸೆರಾ ಎಂಬುದೂ ಗ್ರೀಕಿನಲ್ಲಿ ಇಬ್ಬನಿ ಕೂತದ್ದು ಎಂಬ ಅರ್ಥದಿಂದಲೇ ಬಂದದ್ದು. ಆದರೆ ಬೆಳೆಸುವ ಭಾಗದಲ್ಲಿ ‘ಎಲೆಯ ಮೇಲಿನ ಇಬ್ಬನಿ’ ಎಂದಿದ್ದರೆ ತಿದ್ದಿ. ಇಬ್ಬನಿ ಬಿಸಿಲಿಗೆ ಆರುತ್ತದೆ. ಇದು ರೋಮದ ತುದಿಯ ಗ್ರಂಥಿ ಒಸರಿಸುವ ಅಂಟು, ಮಧ್ಯಾಹ್ನದ ಬಿಸಿಲಿಗೂ ಹಾಗೇ ಮಿರುಗುತ್ತಿರುತ್ತದೆ. ‘ಅಂಟುಹನಿ’ ಎನ್ನಿ. ಓದುವವರು ಇಬ್ಬನಿ ಎಂದುಕೊಂಡು ದಿನವೂ ಎಲೆಗೆ ನೀರು ಚಿಮುಕಿಸಿ ಅಂಟನ್ನೆಲ್ಲ ತೊಳೆದುಬಿಡುತ್ತಾರೆ. ಹನಿ ಬತ್ತಿದರೆ ಸಾಮಾನ್ಯ ಕಾರಣ ಬೆಳಕು ಸಾಲದ್ದು, ಗಾಳಿ ತೀರಾ ಒಣಗಿದ್ದು, ಇಲ್ಲವೇ ಈಗಷ್ಟೇ ಕುಂಡ ಬದಲಿಸಿದ್ದು.

ಹಾಗೆಯೇ ‘ಮಣ್ಣು’ ಎಂಬ ಪದವನ್ನೂ ತೆಗೆಯಿರಿ. ಇದಕ್ಕೆ ಹಾಕುವುದು ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಮತ್ತು ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು), ಸಮಸಮ. ‘ಮಣ್ಣು’ ಎಂದು ಓದಿದವರು ಕೆಂಪುಮಣ್ಣಿಗೆ ಗೊಬ್ಬರ ಬೆರೆಸುತ್ತಾರೆ, ಗಿಡ ಕರಟುತ್ತದೆ. ತೆಂಗಿನ ನಾರಿನ ಪುಡಿಯನ್ನು ‘ಪೀಟ್’ ಎಂದೇ ಮಾರುವುದುಂಟು. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಇರುತ್ತದೆ, ಹಲವು ಸಲ ತೊಳೆಯದೆ ಬಳಸುವಂತಿಲ್ಲ. ನೀರಿಗೆ ‘ಶುದ್ಧ ನೀರು’ ಎಂಬುದೂ ಸಾಲದು. ಮಳೆನೀರು, ಡಿಸ್ಟಿಲ್ಡ್ ನೀರು ಅಥವಾ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 50 ಪಿಪಿಎಂಗಿಂತ ಕಡಿಮೆ ಇರುವ ಆರ್‌ಒ ಯಂತ್ರದ ನೀರು ಎಂದೇ ಬರೆಯಿರಿ. ಕುಡಿಯುವ ಬೋರ್‌ವೆಲ್ ನೀರು ನಮಗೆ ಶುದ್ಧವೇ, ಈ ಗಿಡಕ್ಕಲ್ಲ.