ಗೆಳೆಯನಿಗೆ ಗೇಮಿಂಗ್ ಪಿಸಿ, 60 ಸಾವಿರದ ಬಜೆಟ್: ಈ ಕ್ವೊಟೇಶನ್ ಸರಿ ಇದೆಯಾ?

ಪ್ರಶ್ನೆ (ಡೊಂಬಿವಲಿಯಿಂದ)

ಅಣ್ಣಾ ನಮಸ್ಕಾರ. ನನ್ನ ಗೆಳೆಯ ಠಾಣೆಯಲ್ಲಿದ್ದಾನೆ. ಕೆಲಸಕ್ಕೆ ಸೇರಿ ಒಂದು ವರ್ಷ ಆಯಿತು. ತಿಂಗಳು ತಿಂಗಳು ಎತ್ತಿಟ್ಟು 60 ಸಾವಿರ ಕೂಡಿಸಿದ್ದಾನೆ. ಗೇಮ್ ಆಡೋಕೆ ಒಂದು ಪಿಸಿ ಬೇಕಂತೆ. ನನಗೆ ಸ್ವಲ್ಪ ಗೊತ್ತು ಅಂತ ಪೂರ್ತಿ ಜವಾಬ್ದಾರಿ ನನಗೇ ಬಿಟ್ಟಿದ್ದಾನೆ. ಮಾನಿಟರ್ ಸೇರಿ 60 ಸಾವಿರ. ಕೀಬೋರ್ಡ್, ಮೌಸ್ ಅವನ ಹತ್ತಿರ ಇವೆ.

ಒಂದು ಅಂಗಡಿಯಲ್ಲಿ ಬರೆದುಕೊಟ್ಟ ಕ್ವೊಟೇಶನ್ ಹೀಗಿದೆ: ಇಂಟೆಲ್ ಐ5 13400ಎಫ್, ಎಚ್610 ಮದರ್‌ಬೋರ್ಡ್, 16 ಜಿಬಿಯ ಒಂದು ರ‍್ಯಾಮ್, "4 ಜಿಬಿ ಗ್ರಾಫಿಕ್ಸ್ ಕಾರ್ಡ್", 512 ಜಿಬಿ ಎಸ್‌ಎಸ್‌ಡಿ, "500 ವ್ಯಾಟ್ ಗೇಮಿಂಗ್ ಎಸ್‌ಎಂಪಿಎಸ್", ಮುಂದೆ ಗಾಜು ಇರುವ ಕ್ಯಾಬಿನೆಟ್, ಅದರಲ್ಲಿ ಬಣ್ಣದ ದೀಪದ ನಾಲ್ಕು ಫ್ಯಾನ್, 22 ಇಂಚಿನ ಮಾನಿಟರ್. ತಗೊಳ್ಳಬಹುದಾ? ಅವನು ಕಷ್ಟಪಟ್ಟು ಕೂಡಿಸಿದ ದುಡ್ಡು. ತಪ್ಪಾದರೆ ಅವನಿಗೆ ಮುಖ ತೋರಿಸುವುದು ಹೇಗೆ ಅಂತ ಭಯ.

ಉತ್ತರ (ಮುಂಬೈ ಲ್ಯಾಮಿಂಗ್ಟನ್ ರೋಡ್, ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿ ಕೆಲಸ)

ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡಿ. ಮೊದಲು ಒಂದು ಮಾತು ಹೇಳಿ, ಅವನು ಏನು ಆಡುತ್ತಾನೆ? ಇದನ್ನು ಕೇಳದೆ ಕ್ವೊಟೇಶನ್ ಬರೆಯುವುದು ಅಳತೆ ತೆಗೆಯದೆ ಅಂಗಿ ಹೊಲಿದ ಹಾಗೆ.

ಪ್ರಶ್ನೆ (ಡೊಂಬಿವಲಿಯಿಂದ)

ಕೇಳಿದೆ ಅಣ್ಣಾ. ದಿನಾ ರಾತ್ರಿ ಆಫೀಸಿನ ಹುಡುಗರ ಜೊತೆ ವ್ಯಾಲೊರಂಟ್. ರೆಡ್ ಡೆಡ್ ರಿಡೆಂಪ್ಶನ್ 2 ಆಡಬೇಕು ಅಂತ ಕಾಲೇಜಿನಿಂದಲೂ ಆಸೆ. ಬೇರೆ ಕೆಲಸ ಏನೂ ಇಲ್ಲ, ಎಡಿಟಿಂಗ್ ಎಲ್ಲ ಮಾಡುವುದಿಲ್ಲ.

ಉತ್ತರ

ಈಗ ದಾರಿ ಕಾಣಿಸಿತು. ಈ ಎರಡು ಗೇಮ್‌ಗಳ ಹಸಿವು ಬೇರೆ ಬೇರೆ. ವ್ಯಾಲೊರಂಟ್‌ಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಸೆಕೆಂಡಿಗೆ 144 ಫ್ರೇಮ್ (ಚಿತ್ರ) ದಾಟಲು ಗೇಮ್ ಮಾಡಿದ ಕಂಪನಿಯೇ ಹೇಳಿರುವುದು ಜಿಟಿಎಕ್ಸ್ 1050 ಟಿಐ, 2016ರ ಕಾರ್ಡ್. ಅದು ಪ್ರೊಸೆಸರ್ ಮೇಲೆ ಜಾಸ್ತಿ ನಿಂತಿರುವ ಗೇಮ್. ರೆಡ್ ಡೆಡ್ ಹಾಗಲ್ಲ, ಅದು ಕಾರ್ಡನ್ನು ಹಿಂಡುತ್ತದೆ. ಜಾಗವೂ 150 ಜಿಬಿ ಬೇಡುತ್ತದೆ. 512ರ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಕೂತ ಮೇಲೆ ಇದೊಂದೇ ಗೇಮ್ ಮೂರನೇ ಒಂದು ಪಾಲು ನುಂಗುತ್ತದೆ. ಎಳೆದಾಡಿಯಾದರೂ 1 ಟಿಬಿ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಹಾಕಿಸಿ.

ನಿಮ್ಮ ಕ್ವೊಟೇಶನ್‌ನಲ್ಲಿ ದುಡ್ಡೆಲ್ಲ ಪ್ರೊಸೆಸರ್‌ಗೆ ಮತ್ತು ದೀಪಕ್ಕೆ ಹೋಗಿದೆ. 13400ಎಫ್ ಒಳ್ಳೆಯ ಪ್ರೊಸೆಸರ್, 10 ಕೋರ್ (ಲೆಕ್ಕ ಮಾಡುವ ಭಾಗ) ಇದೆ. ಆದರೆ ಇವನ ಕೆಲಸಕ್ಕೆ 6 ಕೋರ್, 12 ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು) ಇದ್ದರೆ ಸಾಕು. ರೈಜೆನ್ 5 5600 ಅಥವಾ ಇಂಟೆಲ್ ಐ5 12400ಎಫ್, ಆ ದಿನ ಯಾವುದು ಕಡಿಮೆಗೆ ಸಿಗುತ್ತದೋ ಅದು. ಉಳಿದ ದುಡ್ಡು ಕಾರ್ಡ್‌ಗೆ ಹೋಗಲಿ. ಗೇಮಿಂಗ್ ಪಿಸಿ ಅಂದರೆ ಬಜೆಟ್‌ನ ಮೂರನೇ ಒಂದು ಪಾಲನ್ನು ಮೊದಲೇ ಕಾರ್ಡ್‌ಗೆ ಅಂತ ಎತ್ತಿಡಬೇಕು. ಆಮೇಲೆ ಉಳಿದದ್ದರ ಲೆಕ್ಕ.

"4 ಜಿಬಿ ಗ್ರಾಫಿಕ್ಸ್ ಕಾರ್ಡ್" ಅಂತ ಬರೆದಿದ್ದಾರಲ್ಲ, ಅದು ಕಾರ್ಡಿನ ಹೆಸರೇ ಅಲ್ಲ. ಜಿಟಿಎಕ್ಸ್ 1650 ಕೂಡ 4 ಜಿಬಿ. 2014ರ ಜಿಟಿ 730 ಕೂಡ 4 ಜಿಬಿಯಲ್ಲಿ ಸಿಗುತ್ತದೆ. ಎರಡಕ್ಕೂ ಅಜಗಜಾಂತರ. ಟ್ಯಾಂಕ್ ದೊಡ್ಡದಿದ್ದ ಮಾತ್ರಕ್ಕೆ ಗಾಡಿ ಜೋರಾಗಿ ಓಡುವುದಿಲ್ಲ ಅಲ್ವಾ? ಕಾರ್ಡಿನ ಪೂರ್ತಿ ಹೆಸರು ಬರೆಸಿಕೊಳ್ಳಿ. ನಾನಾದರೆ ರೇಡಿಯನ್ ಆರ್‌ಎಕ್ಸ್ 6600 ಹುಡುಕುತ್ತೇನೆ. 8 ಜಿಬಿ ಮೆಮೊರಿ, 132 ವ್ಯಾಟ್ ಅಷ್ಟೇ ಎಳೆಯುತ್ತದೆ, 1080ಪಿ (ಫುಲ್ ಎಚ್‌ಡಿ) ಮಾನಿಟರ್‌ನಲ್ಲಿ ರೆಡ್ ಡೆಡ್ ಚೆನ್ನಾಗಿ ಓಡಿಸುತ್ತದೆ. ಅದು ಸಿಗದಿದ್ದರೆ ಆರ್‌ಟಿಎಕ್ಸ್ 3050, ಅದರಲ್ಲೂ 8 ಜಿಬಿಯದು. ಅದೇ ಹೆಸರಿನಲ್ಲಿ 6 ಜಿಬಿಯ ಇನ್ನೊಂದು ಬರುತ್ತದೆ. ಅದು ಬರೀ 2 ಜಿಬಿ ಕಡಿಮೆ ಇರುವ ಕಾರ್ಡ್ ಅಲ್ಲ, ಒಳಗಿನ ಚಿಪ್ಪಿನ ಶಕ್ತಿಯೂ ಕಡಿಮೆ.

ರ‍್ಯಾಮ್ 16 ಜಿಬಿ ಸರಿ, ಆದರೆ 8ರ ಎರಡು ಸ್ಟಿಕ್ ಬೇಕು. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ. ಒಂದೇ ಇದ್ದರೆ ಒಂದೇ ದಾರಿ, ವ್ಯಾಲೊರಂಟ್‌ನಂಥ ಗೇಮ್‌ನಲ್ಲಿ ಅದು ಕಣ್ಣಿಗೇ ಗೊತ್ತಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಕಾರಣ. ಹಾಗಾಗಿ ನಾನು ಇಲ್ಲಿ ರೂಪಾಯಿ ಬರೆಯುವುದಿಲ್ಲ. ಇವತ್ತು ಬರೆದದ್ದು ಮುಂದಿನ ವಾರ ಸುಳ್ಳಾಗುತ್ತದೆ. ಗೆಳೆಯನ ಮನೆಯಲ್ಲೋ ಆಫೀಸಿನಲ್ಲೋ ಡಿಡಿಆರ್4 (ಈ ಪ್ರೊಸೆಸರ್‌ಗಳಿಗೆ ಹೊಂದುವ ಬಗೆಯ ರ‍್ಯಾಮ್) ಇರುವ ಹಳೆಯ ಡೆಸ್ಕ್‌ಟಾಪ್ ಮೂಲೆಗೆ ಬಿದ್ದಿದ್ದರೆ ವಿಚಾರಿಸಿ. ಅದರ ರ‍್ಯಾಮ್ ಕೆಲಸಕ್ಕೆ ಬಂದರೆ ದೊಡ್ಡ ಉಳಿತಾಯ.

ಇನ್ನು ಎಸ್‌ಎಂಪಿಎಸ್, ಅಂದರೆ ಪಿಸಿಯ ಎಲ್ಲ ಪಾರ್ಟ್‌ಗಳಿಗೆ ಕರೆಂಟ್ ಹಂಚುವ ಡಬ್ಬ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ನನ್ನ ಟೇಬಲ್ ಮೇಲೆ ಬರುವ ಸತ್ತ ಪಿಸಿಗಳಲ್ಲಿ ಮತ್ತೆ ಮತ್ತೆ ನೋಡುವ ಕಾಯಿಲೆ ಇದೇ. ಹೋದ ಮಳೆಗಾಲದಲ್ಲಿ ಒಬ್ಬ ಕಾಲೇಜು ಹುಡುಗ ಬಂದ. ಗೇಮ್ ಹಾಕಿ ಹತ್ತು ನಿಮಿಷಕ್ಕೆ ಪಿಸಿ ಟಪ್ ಅಂತ ಆಫ್. ಬೇರೆ ಕಡೆ ವಿಂಡೋಸ್ ಎರಡು ಸಲ ಹಾಕಿಸಿದ್ದ, ರ‍್ಯಾಮ್ ಬದಲಿಸಿದ್ದ. ನಾನು ಎಸ್‌ಎಂಪಿಎಸ್ ಬಿಚ್ಚಿ ಕೈಯಲ್ಲಿ ಹಿಡಿದೆ, ತಿಂಡಿ ಡಬ್ಬಿಯಷ್ಟು ಹಗುರ. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಒಳಗೆ ನೋಡಿದರೆ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗ ಖಾಲಿ, ಅಲ್ಲಿ ಒಂದು ತುಂಡು ತಂತಿ ಬೆಸುಗೆ ಹಾಕಿದ್ದಾರೆ. ಎರಡು ಕೆಪಾಸಿಟರ್‌ಗಳ ತಲೆ ಪೂರಿಯ ಹಾಗೆ ಉಬ್ಬಿವೆ. ಮೇಲೆ ಸ್ಟಿಕ್ಕರ್ ಮಾತ್ರ 500 ವ್ಯಾಟ್. ಅವನ ಅದೃಷ್ಟ, ಕಾರ್ಡ್ ಉಳಿದಿತ್ತು. ಎಷ್ಟೋ ಜನರ ಎಸ್‌ಎಂಪಿಎಸ್ ಸಾಯುವಾಗ ಬೋರ್ಡ್, ಕಾರ್ಡ್ ಎರಡನ್ನೂ ಕರೆದುಕೊಂಡು ಹೋಗುತ್ತದೆ. (ಮನೆಯಲ್ಲಿ ಯಾರೂ ಎಸ್‌ಎಂಪಿಎಸ್ ಬಿಚ್ಚಬೇಡಿ. ವೈರ್ ತೆಗೆದ ಮೇಲೂ ಒಳಗೆ ಕರೆಂಟ್ ನಿಂತಿರುತ್ತದೆ.)

ನಿಮ್ಮ ಗೆಳೆಯನಿಗೆ 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಇರುವ, ಹೆಸರುವಾಸಿ ಕಂಪನಿಯದು ಸಾಕು. ಬ್ರಾಂಜ್ ಅಂದರೆ ಅರ್ಧ ಲೋಡ್‌ನಲ್ಲಿ ಎಳೆದ ಕರೆಂಟ್‌ನ ನೂರಕ್ಕೆ 85 ಪಾಲು ಕೆಲಸಕ್ಕೆ ಬರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಅಂತ. ಅದು ಭದ್ರತೆಯ ಗ್ಯಾರಂಟಿ ಅಲ್ಲ. ಅದಕ್ಕೇ ಕಂಪನಿ ಎಷ್ಟು ವರ್ಷ ವಾರಂಟಿ ಕೊಡುತ್ತದೆ ಅಂತಲೂ ಕೇಳಿ. 5 ವರ್ಷ ಕೊಡುವವರದ್ದು ನನಗೆ ಧೈರ್ಯ. ಬಜೆಟ್ ಮೀರಿದರೆ ಎಸ್‌ಎಸ್‌ಡಿ ಸಣ್ಣದು ಮಾಡಿ, ಕ್ಯಾಬಿನೆಟ್ ಸಾದಾ ಮಾಡಿ, ಇದಕ್ಕೆ ಮಾತ್ರ ಕೈ ಹಾಕಬೇಡಿ.

ಮಾನಿಟರ್ 24 ಇಂಚು, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ಅಥವಾ ಮೇಲೆ. ವ್ಯಾಲೊರಂಟ್ ಆಡುವವನಿಗೆ ಇದು ದಿನಾ ಕಾಣುವ ಸುಖ.

ಬಿಲ್ ಗೆಳೆಯನ ಹೆಸರಿನಲ್ಲಿ ಮಾಡಿಸಿ, ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಅದರಲ್ಲಿ ಬರಲಿ. "ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ" ಅಂದರೆ ಒಪ್ಪಬೇಡಿ, ವಾರಂಟಿಗೆ ಹೋದಾಗ ಆ ಕಾಗದವೇ ಬೇಕು. ಪ್ರೊಸೆಸರ್ ಬಾಕ್ಸ್ ಪೀಸ್ ಕೇಳಿ. ಅದಕ್ಕೆ ಕಂಪನಿಯ 3 ವರ್ಷ ವಾರಂಟಿ ಇರುತ್ತದೆ, ರೈಜೆನ್ 5600 ಆದರೆ ಕೂಲರ್ ಕೂಡ ಡಬ್ಬದಲ್ಲೇ ಬರುತ್ತದೆ. ಡಬ್ಬವಿಲ್ಲದ ಟ್ರೇ ಪೀಸ್‌ಗೆ ಅಂಗಡಿಯವರ ಮಾತೇ ವಾರಂಟಿ.

ಪ್ರಶ್ನೆ (ಡೊಂಬಿವಲಿಯಿಂದ)

ಎಷ್ಟು ವಿವರವಾಗಿ ಹೇಳಿದಿರಿ ಅಣ್ಣಾ! ಒಂದೇ ತೊಂದರೆ. ಅವನಿಗೆ ಆ ಗಾಜಿನ ಕ್ಯಾಬಿನೆಟ್ ಮೇಲೇ ಮನಸ್ಸು.

ಉತ್ತರ

ಪಕ್ಕದಲ್ಲಿ ಗಾಜು ಇರಲಿ, ಅವನ ಆಸೆಯೂ ತೀರುತ್ತದೆ. ಮುಂದೆ ಮಾತ್ರ ಜಾಲರಿ ಬೇಕು. ಮುಂದೆಯೂ ಗಾಜು ಇದ್ದರೆ ಫ್ಯಾನ್ ನಾಲ್ಕಿದ್ದರೂ ಎಳೆಯಲು ಗಾಳಿಯೇ ಇರುವುದಿಲ್ಲ. ಎಸಿ ಇಲ್ಲದ ಠಾಣೆಯ ರೂಮಿನಲ್ಲಿ ಮೇ ತಿಂಗಳಲ್ಲಿ ನಮಗೇ ಉಸಿರು ಕಟ್ಟುತ್ತದೆ, ಅದಕ್ಕೆ ಕಟ್ಟದೆ ಇರುತ್ತಾ?

ಪ್ರಶ್ನೆ (ಪುಣೆಯಿಂದ)

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ ಸರ್. ನನ್ನ ಮಗ ಒಂಬತ್ತನೇ ಕ್ಲಾಸು. ಆನ್‌ಲೈನ್‌ನಲ್ಲಿ "ಐ7, 16 ಜಿಬಿ, ಗೇಮಿಂಗ್ ಪಿಸಿ" ಅಂತ 17 ಸಾವಿರಕ್ಕೆ ನೋಡಿದ್ದಾನೆ. ನೀವು 60 ಸಾವಿರದ ಮಾತಾಡುತ್ತಿದ್ದೀರಿ. ಅಷ್ಟು ಕಡಿಮೆಗೆ ಐ7 ಹೇಗೆ?

ಉತ್ತರ

ಅಕ್ಕಾ, ಐ7 ಅಂದ ಕೂಡಲೇ ಎಷ್ಟನೇ ಜನರೇಶನ್ ಅಂತ ಕೇಳಬೇಕು. ಆ ಬೆಲೆಗೆ ಸಿಗುವುದು ಹೆಚ್ಚಾಗಿ ಐ7 4770ರಂಥದ್ದು, 2013ರ ಪ್ರೊಸೆಸರ್, ಹಳೆಯ ಡಿಡಿಆರ್3 ರ‍್ಯಾಮ್. ಆಫೀಸುಗಳಿಂದ ತೆಗೆದ ಯಂತ್ರಕ್ಕೆ ಹೊಸ ಡಬ್ಬ ಹಾಕಿ ಕೊಡುತ್ತಾರೆ. ಈಗಿನ ಐ3 12100 ಅದಕ್ಕಿಂತ ಚುರುಕು. ಇನ್ನೊಂದು ವಿಷಯ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ 8ನೇ ಜನರೇಶನ್ ಅಥವಾ ಮುಂದಿನದು ಬೇಕು, 4770 ಬರೀ 4ನೆಯದು.

ಮಗನ ಓದು, ಮೈನ್‌ಕ್ರಾಫ್ಟ್, ವ್ಯಾಲೊರಂಟ್ ಇಷ್ಟೇ ಆದರೆ ರೈಜೆನ್ 5 5600ಜಿ ಹಾಕಿಸಿ. ಗ್ರಾಫಿಕ್ಸ್ ಅದರೊಳಗೇ ಇದೆ, ಕಾರ್ಡ್ ಸದ್ಯಕ್ಕೆ ಬೇಡ. ಆದರೆ ಅದು ರ‍್ಯಾಮನ್ನೇ ಗ್ರಾಫಿಕ್ಸ್‌ಗೂ ಬಳಸುತ್ತದೆ, ಹಾಗಾಗಿ ಇಲ್ಲಂತೂ ಎರಡು ಸ್ಟಿಕ್ ಬೇಕೇ ಬೇಕು. ಎಸ್‌ಎಂಪಿಎಸ್ ಈಗಲೇ ಒಳ್ಳೆಯದು ಹಾಕಿಸಿದರೆ ಕಾಲೇಜು ಸೇರಿದಾಗ ಕಾರ್ಡ್ ಸೇರಿಸಿಕೊಳ್ಳಬಹುದು. ನಿಮಗೆ ಮುಂಬೈವರೆಗೆ ಬರುವುದು ಬೇಡ, ತಾಪ್ಕೀರ್ ಗಲ್ಲಿಯಲ್ಲಿ ವಿಚಾರಿಸಿ. ಎರಡು ಮೂರು ಕಡೆ ಬರೆಸಿಕೊಂಡು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.

ಪ್ರಶ್ನೆ (ವಾಸ್ಕೋದಿಂದ)

ಗೋವಾದಲ್ಲಿ ನಮ್ಮ ಮನೆ ಸಮುದ್ರದ ಹತ್ತಿರ. ಕ್ಯಾಬಿನೆಟ್ ಸ್ಕ್ರೂ ಎಲ್ಲ ತುಕ್ಕು. ಏನು ಮಾಡಬೇಕು?

ಉತ್ತರ

ಕಿಟಕಿ ಪಕ್ಕದಿಂದ ಸರಿಸಿ. ವಾರಗಟ್ಟಲೆ ಸುಮ್ನೆ ಬಿಡಬೇಡಿ, ದಿನಾ ಒಂದಿಷ್ಟು ಹೊತ್ತು ಆನ್ ಇದ್ದರೆ ಆ ಬಿಸಿಗೆ ಒಳಗೆ ಒಣಗಿರುತ್ತದೆ. ಜೂನ್‌ಗೆ ಮೊದಲು ಧೂಳು ತೆಗೆಸಿ. ಉಪ್ಪಿನ ಗಾಳಿಯ ತೇವವನ್ನು ಧೂಳು ಹಿಡಿದಿಟ್ಟುಕೊಳ್ಳುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆಯಿರಿ.

ಪ್ರಶ್ನೆ (ಡೊಂಬಿವಲಿಯಿಂದ)

ಅಣ್ಣಾ, ಶನಿವಾರ ನಿಮ್ಮ ರೋಡಿಗೇ ಬರುತ್ತೇವೆ. ಲೋಕಲ್‌ನಲ್ಲಿ ತಗೊಂಡು ಹೋಗಬಹುದಾ, ಟ್ಯಾಕ್ಸಿ ಬೇಕಾ?

ಉತ್ತರ

ಬೆಳಿಗ್ಗೆ ಬನ್ನಿ. ಭಾನುವಾರ ಇಲ್ಲಿ ಹೆಚ್ಚಿನ ಅಂಗಡಿ ಬಂದ್. ದಾದರ್‌ನಲ್ಲಿ ಗಾಡಿ ಬದಲಿಸಿ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿದರೆ ಪೂರ್ವಕ್ಕೆ ನಡೆಯುವಷ್ಟೇ ದೂರ. ಜೋಡಿಸಿ, ಒಂದು ಗಂಟೆ ಗೇಮ್ ಓಡಿಸಿ ತೋರಿಸಿ ಅಂತ ಹಟ ಹಿಡಿಯಿರಿ. ಮಧ್ಯಾಹ್ನ ಗರ್ದಿ ಇಲ್ಲದಾಗ ಲಗೇಜ್ ಡಬ್ಬಾದಲ್ಲಿ ಆರಾಮಾಗಿ ಹೋಗುತ್ತದೆ. ಆದರೆ ಹೊರಡುವ ಮೊದಲು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ, ಅದರ ಡಬ್ಬದಲ್ಲೇ ಬೇರೆ ಇಡಿ. ಅದು ಒಂದು ಸ್ಲಾಟ್‌ಗೆ ನೇತಾಡುತ್ತಿರುತ್ತದೆ. ಗಾಡಿಯ ಕುಲುಕಾಟಕ್ಕೆ ಸ್ಲಾಟ್ ಬಿರುಕು ಬಿಟ್ಟದ್ದು ನೋಡಿದ್ದೇನೆ. ಮನೆಯಲ್ಲಿ ಹಾಕುವುದು ಸುಲಭ, ಒತ್ತಿದಾಗ ಕೊನೆಯ ಕ್ಲಿಪ್ ಟಿಕ್ ಅನ್ನಬೇಕು. ಆಮೇಲೆ 8 ಪಿನ್ನಿನ ಪವರ್ ವೈರ್ ಮರೆಯಬೇಡಿ.

ಪ್ರಶ್ನೆ (ಡೊಂಬಿವಲಿಯಿಂದ, ಶನಿವಾರ ರಾತ್ರಿ)

ಅಣ್ಣಾ, ಎಲ್ಲಾ ತಂದೆವು. ರೈಜೆನ್ 5600, ಆರ್‌ಎಕ್ಸ್ 6600 ಸಿಕ್ಕಿತು. ಅಂಗಡಿಯಲ್ಲಿ ಚೆನ್ನಾಗಿ ಓಡಿತ್ತು. ಇಲ್ಲಿ ಕಾರ್ಡ್ ಹಾಕಿದೆವು, ಟಿಕ್ ಅಂತು, ಪವರ್ ವೈರೂ ಹಾಕಿದ್ದೇವೆ. ಫ್ಯಾನ್ ತಿರುಗುತ್ತಿದೆ, ಮಾನಿಟರ್‌ನಲ್ಲಿ ಮಾತ್ರ "ನೋ ಸಿಗ್ನಲ್". ಗೆಳೆಯ ಪೆಚ್ಚಾಗಿ ಕೂತಿದ್ದಾನೆ.

ಉತ್ತರ

ಗಾಬರಿ ಬೇಡ. ಹಿಂದೆ ನೋಡಿ, ಮಾನಿಟರ್ ವೈರ್ ಎಲ್ಲಿ ಚುಚ್ಚಿದ್ದೀರಿ? ಮೇಲೆ ಯುಎಸ್‌ಬಿಗಳ ಜೊತೆ ನಿಂತಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಅಲ್ಲಿಂದ ಚಿತ್ರ ಬರುವುದಿಲ್ಲ. ಕೆಳಗೆ ಅಡ್ಡಡ್ಡ ಇರುವ ಕಾರ್ಡಿನ ಪೋರ್ಟ್‌ಗೆ ಹಾಕಿ. ಮಾನಿಟರ್ ಡಬ್ಬದಲ್ಲಿ ಡಿಸ್‌ಪ್ಲೇ ಪೋರ್ಟ್ ವೈರ್ ಇದ್ದರೆ ಅದನ್ನೇ ಬಳಸಿ.

ಪ್ರಶ್ನೆ (ಡೊಂಬಿವಲಿಯಿಂದ)

ಬಂತು ಬಂತು! ಮೇಲೆಯೇ ಹಾಕಿದ್ದೆವು.

ಉತ್ತರ

ತುಂಬಾ ಖುಷಿ ಆಯಿತು. ಮಲಗುವ ಮೊದಲು ಇನ್ನೆರಡು ಕೆಲಸ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇರುತ್ತದೆ, 144 ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ವೇಗ 3200 ಬದಲು 2400 ಅಥವಾ 2666 ಕಂಡರೆ ಬಯಾಸ್‌ಗೆ (ಪಿಸಿ ಶುರುವಾಗುವಾಗಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್) ಹೋಗಿ ರ‍್ಯಾಮ್‌ಗೆ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿ. ಅಲ್ಲೇ ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬಿಡುವ ಭದ್ರತೆ) ಆನ್ ಇದೆಯಾ ನೋಡಿ. ವಿಂಡೋಸ್ 11ರಲ್ಲಿ ಅದಿಲ್ಲದೆ ವ್ಯಾಲೊರಂಟ್ ತೆರೆಯುವುದಿಲ್ಲ, ಅವನ ಆಫೀಸಿನ ಹುಡುಗರು ಕಾಯುತ್ತಿರುತ್ತಾರೆ.