ಅಪ್‌ಡೇಟ್: 37 ತೋರಿಸಿದ ಟೈರಿನ ಗಾಳಿ ಬಿಡಬೇಕಾ?

ನನ್ನ ಪ್ರಶ್ನೆ ಇಷ್ಟಿತ್ತು: ದಾವಣಗೆರೆಯಲ್ಲಿ ಬೆಳಿಗ್ಗೆ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇದ್ದ ಕಾರಿನ ನಾಲ್ಕೂ ಟೈರು ಹೆದ್ದಾರಿ 48ರಲ್ಲಿ ಚಿತ್ರದುರ್ಗ ಮುಟ್ಟೋಷ್ಟರಲ್ಲಿ 37 ತೋರಿಸ್ತಿವೆ, ಗಾಳಿ ತೆಗೆಸಬೇಕಾ? ಬೇಡ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಓಡುವಾಗ ಟೈರು ಬಾಗಿ ಬಾಗಿ ಕಾಯುತ್ತೆ. ಒಳಗಿನ ಗಾಳಿ 5–6 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರಿಕೆ. ಆ ಬಿಸಿಯಲ್ಲೇ 33ಕ್ಕೆ ಇಳಿಸಿದರೆ ಮಾರನೇ ಬೆಳಿಗ್ಗೆ 29 ಆಗಿರುತ್ತೆ. ಗಾಳಿ ಕಡಿಮೆಯಾದಷ್ಟೂ ಟೈರು ಹೆಚ್ಚು ಬಾಗುತ್ತೆ, ಹೆಚ್ಚು ಕಾಯುತ್ತೆ. ಬೇಸಿಗೆಯಲ್ಲಿ ಸಿಡಿಯೋದಕ್ಕೆ ಇದೇ ದೊಡ್ಡ ಕಾರಣ, ಜಾಸ್ತಿ ಗಾಳಿಯಲ್ಲ.

ಸರಿಯಾದ ಅಂಕಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್‌ನಲ್ಲಿದೆ. ಟೈರಿನ ಮೈಮೇಲೆ ಬರೆದಿರೋದು ಗರಿಷ್ಠ ಮಿತಿ, ಅದನ್ನು ಹಾಕಿಸಬೇಡಿ. ಸ್ಟಿಕ್ಕರ್‌ನಲ್ಲಿ ಪಿಎಸ್‌ಐ ಬದಲು ಕೆಪಿಎ (kPa, ಒತ್ತಡದ ಇನ್ನೊಂದು ಅಳತೆ) ಇದ್ದರೆ 6.9ರಿಂದ ಭಾಗಿಸಿ: 230 ಅಂದರೆ ಸುಮಾರು 33. ಐದು ಜನ, ಲಗೇಜು ಇದ್ದಾಗ ಬೇರೆ ಅಂಕಿ ಇರುತ್ತೆ, ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಜಾಸ್ತಿ. ಅಳೆಯೋದು ಕಾರು 3 ಗಂಟೆ ನಿಂತ ಮೇಲೆ. ಬಂಕ್ ದೂರವಿದ್ದರೆ ಮನೆಯಲ್ಲೇ ಗೇಜ್‌ನಿಂದ ನೋಡಿ, ಎಷ್ಟು ಕಡಿಮೆಯಿದೆಯೋ ಅಲ್ಲಿ ಅಷ್ಟನ್ನೇ ಸೇರಿಸಿ.

ಇನ್ನೊಂದು ತೊಂದರೆಯೂ ಇತ್ತು: ಎಡ ಮುಂದಿನ ಚಕ್ರ ಮಾತ್ರ ವಾರಕ್ಕೆ 3 ಪಿಎಸ್‌ಐ ಇಳೀತಿತ್ತು, ಅದು ಪಂಕ್ಚರ್ ಅಲ್ಲ. ವಾಲ್ವ್ ಬಾಯಿಗೆ ಸೋಪು ನೀರು ಹಾಕಿದರೆ ಗುಳ್ಳೆ ಬಂತು. ಒಳಗಿನ ಪಿನ್ ಬದಲಿಸಿದ ಮೇಲೆ ನಿಂತಿದೆ. ಕ್ಯಾಪೂ ಇರಲಿಲ್ಲ, ದೂಳು ಹೊಕ್ಕಿತ್ತು.

ಸ್ಟೆಪ್ನಿ ನೋಡಿದರೆ 18!