ಅಂಡಾಣು ತೆಗೆಯುವಾಗ ಬರುವ ದ್ರವದ ಹಾರ್ಮೋನು ನೋಡಿ ಐವಿಎಫ್ ಫಲಿತಾಂಶ ಹೇಳಬಹುದೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿಗೆ 34 ವರ್ಷ. ಮೊದಲ ಐವಿಎಫ್‌ನಲ್ಲಿ (ಅಂಡಾಣು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಚಿಕಿತ್ಸೆ) 9 ಅಂಡಾಣು ಸಿಕ್ಕಿದ್ದವು. ಐದನೆಯ ದಿನದವರೆಗೆ ಬೆಳೆದ 2 ಭ್ರೂಣಗಳಲ್ಲಿ ಒಂದನ್ನು ಗರ್ಭಕೋಶಕ್ಕೆ ಬಿಟ್ಟರು, ಆದರೆ ಅದು ನಿಲ್ಲಲಿಲ್ಲ. ಅಂಡಾಣುವಿನ ಜೊತೆ ಬರುವ ದ್ರವದಲ್ಲಿ ಈಸ್ಟ್ರಾಡಿಯೋಲ್, ಪ್ರೊಜೆಸ್ಟರಾನ್ ಎಂಬ ಸ್ತ್ರೀ ಹಾರ್ಮೋನುಗಳು ಎಷ್ಟಿವೆ ಎಂದು ಅಳೆದರೆ ಯಾವ ಅಂಡಾಣು ಗಟ್ಟಿಯಾದದ್ದೆಂದು ಮೊದಲೇ ತಿಳಿಯುತ್ತದೆ ಎಂದು ಓದಿದೆ. ಆ ದ್ರವವನ್ನು ಚೆಲ್ಲಿಬಿಡುತ್ತಾರೆಂದು ತಿಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಮುಂದಿನ ಸಲ ಕೇಳಿ ಮಾಡಿಸಬೇಕೇ?

ಉತ್ತರ (ಚಿತ್ರದುರ್ಗ)

ಸರ್, ಭ್ರೂಣ ಪ್ರಯೋಗಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ನೀವು ಓದಿದ್ದಕ್ಕೆ ಬುಡವಿಲ್ಲದೆ ಇಲ್ಲ. ಅಂಡಾಣು ಬೆಳೆಯುವ ನೀರುಗುಳ್ಳೆಯಂಥ ಚೀಲವೇ ಫಾಲಿಕಲ್. ಅದರ ಹೊರಪದರದ ಥೀಕಾ ಕೋಶಗಳು ಮೆದುಳಿನ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನಿನ ಪ್ರಚೋದನೆಯಿಂದ ಆಂಡ್ರೋಜನ್ (ಪುರುಷ ಹಾರ್ಮೋನುಗಳ ಗುಂಪು) ತಯಾರಿಸುತ್ತವೆ, ಒಳಗಿನ ಗ್ರಾನುಲೋಸಾ ಕೋಶಗಳು ಅದೇ ಗ್ರಂಥಿಯ ಎಫ್‌ಎಸ್‌ಎಚ್ ಹಾರ್ಮೋನಿನ ಬಲದಿಂದ ಅದನ್ನು ಈಸ್ಟ್ರಾಡಿಯೋಲ್ ಆಗಿ ಮಾರ್ಪಡಿಸುತ್ತವೆ. ಹೀಗಾಗಿ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಈಸ್ಟ್ರಾಡಿಯೋಲ್ ಆ ದ್ರವದಲ್ಲಿರುತ್ತದೆ, ಮತ್ತು ಅಂಡಾಣು ಬೆಳೆಯುವುದು ಅದರಲ್ಲೇ.

ತೊಡಕಿರುವುದು ಅಳೆಯುವಲ್ಲಿ. ಅಂಡಾಣುವನ್ನು ಕೊನೆಯದಾಗಿ ಪಕ್ವಗೊಳಿಸುವ ಟ್ರಿಗರ್ ಇಂಜೆಕ್ಷನ್ ಕೊಟ್ಟ ಮೇಲೆ ಅದೇ ಕೋಶಗಳು ಪ್ರೊಜೆಸ್ಟರಾನ್ ಕಡೆಗೆ ಹೊರಳುತ್ತವೆ. ನಾವು ದ್ರವವನ್ನು ಎಳೆಯುವುದು ಸುಮಾರು 36 ಗಂಟೆಗಳ ನಂತರವಾದ್ದರಿಂದ ಕೈಗೆ ಸಿಗುವುದು ಆ ಹೊತ್ತಿನ ಚಿತ್ರ ಮಾತ್ರ. ಸಾಮಾನ್ಯವಾಗಿ ಒಂದೇ ಸೂಜಿಯಿಂದ ಹಲವು ಫಾಲಿಕಲ್‌ಗಳ ದ್ರವ ಒಂದೇ ಟ್ಯೂಬಿಗೆ ಬೀಳುತ್ತದೆ, ರಕ್ತವೂ ಬೆರೆಯುತ್ತದೆ, ಕೆಲವೆಡೆ ಫಾಲಿಕಲ್ ತೊಳೆಯಲು ಬಿಡುವ ದ್ರಾವಣವೂ ಸೇರಿ ತೆಳುವಾಗುತ್ತದೆ. ಯಾವ ದ್ರವ ಯಾವ ಅಂಡಾಣುವಿನದೆಂದು ಹೇಳಬೇಕಾದರೆ ಒಂದೊಂದು ಫಾಲಿಕಲ್‌ನ ದ್ರವವನ್ನೂ ಬೇರೆಯಾಗಿ ಎಳೆದು, ಅದರ ಅಂಡಾಣುವನ್ನೂ ಬೇರೆಯಾಗಿಯೇ ಬೆಳೆಸಬೇಕು. ಅಷ್ಟು ಶ್ರಮಪಟ್ಟ ಅಧ್ಯಯನಗಳ ಫಲಿತಾಂಶಗಳೂ ಒಂದಕ್ಕೊಂದು ತಾಳೆಯಾಗಿಲ್ಲ. ಈ ಮಟ್ಟಕ್ಕಿಂತ ಮೇಲಿದ್ದರೆ ಗರ್ಭ ನಿಲ್ಲುತ್ತದೆ ಎನ್ನಬಹುದಾದ, ಎಲ್ಲರೂ ಒಪ್ಪಿದ ಅಂಕಿ ಯಾವುದೂ ಇಲ್ಲ. ವಯಸ್ಸಿನೊಂದಿಗೆ ಹೆಚ್ಚುವ ವರ್ಣತಂತುಗಳ ದೋಷವನ್ನಂತೂ ಈ ಹಾರ್ಮೋನುಗಳು ತೋರಿಸುವುದೇ ಇಲ್ಲ. ಇದಕ್ಕಾಗಿ ಬೇರೆ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ಉತ್ತರ (ಹರಿಹರ, ದಾವಣಗೆರೆ ಜಿಲ್ಲೆ)

ಸರ್, ನಾನೂ ಈ ದಾರಿಯಲ್ಲಿ ನಡೆದವಳು. ದ್ರವದ ಪ್ರೊಜೆಸ್ಟರಾನ್ ಬೇರೆ, ರಕ್ತದ್ದು ಬೇರೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಟ್ರಿಗರ್ ದಿನ ನನ್ನ ರಕ್ತದಲ್ಲಿ ಅದು ಹೆಚ್ಚಿದ್ದರಿಂದ, ಗರ್ಭಕೋಶದ ಒಳಪದರ ಬೆಳವಣಿಗೆಯಲ್ಲಿ ಭ್ರೂಣಕ್ಕಿಂತ ಮುಂದೆ ಹೋಗಿರಬಹುದೆಂದು ವೈದ್ಯರು ಭ್ರೂಣಗಳನ್ನೆಲ್ಲ ಘನೀಕರಿಸಿಟ್ಟು, ಬೇರೊಂದು ತಿಂಗಳಲ್ಲಿ ವರ್ಗಾಯಿಸಿದರು. ನಿಮ್ಮ ಪತ್ನಿಯ ಆ ದಿನದ ವರದಿ ಇದ್ದರೆ ತೆಗೆದು ನೋಡಿ. ಇನ್ನೊಂದು ಮಾತು: ಉಳಿದ ಎರಡನೆಯ ಭ್ರೂಣ ಏನಾಯಿತು?

ಪ್ರಶ್ನೆ ಕೇಳಿದವರು

ಮೇಡಂ, ಅದನ್ನು ಘನೀಕರಿಸಿ ಇಟ್ಟಿದ್ದಾರೆ. ಮತ್ತೆ ಅಂಡಾಣು ತೆಗೆಸಲೇಬೇಕೆಂಬ ಭ್ರಮೆಯಲ್ಲಿದ್ದೆವು.

ಉತ್ತರ (ಚಿತ್ರದುರ್ಗ)

ಹಾಗಿದ್ದರೆ ಮುಂದಿನ ಸಲ ಅಂಡಾಣು ಬೆಳೆಸುವ ಇಂಜೆಕ್ಷನ್‌ಗಳ ಸರಣಿಯೂ ಬೇಡ, ಅಂಡಾಣು ತೆಗೆಯುವ ಸೂಜಿಯೂ ಬೇಡ, ದ್ರವದ ಪ್ರಶ್ನೆಯೂ ಏಳುವುದಿಲ್ಲ. ಮೊದಲು ಆ ಭ್ರೂಣದ ಗುಣಮಟ್ಟದ ದರ್ಜೆ ಏನೆಂದು ಬರೆಸಿಕೊಳ್ಳಿ, ಒಳಪದರವನ್ನು ಹೇಗೆ ಸಿದ್ಧಪಡಿಸುತ್ತಾರೆಂದು ಪತ್ನಿಯವರೊಂದಿಗೆ ಕುಳಿತು ಕೇಳಿ.